ಕುಕ್ಕರಿನ ಹಿಂದೊಂದು ಗುಂಯ್

ಸಂಗೀತ ಮಾಡುವವರಿಗೆ ಒಂದು ಮರ್ಯಾದಸ್ಥ ಸ್ಫೂರ್ತಿ ಇರಬೇಕೆಂದು ಜನ ಬಯಸುತ್ತಾರೆ. ಸಮುದ್ರ, ವಿರಹ, ಹೋಗಲಿ ಒಂದು ಹುಣ್ಣಿಮೆಯ ಚಂದ್ರನಾದರೂ ಆದೀತು. ನನ್ನನ್ನು ಕೇಳಿದರೆ ಮಾತ್ರ ನಾನು ತಲೆ ತಗ್ಗಿಸಿ ‘ಕುಕ್ಕರ್’ ಎನ್ನಬೇಕಾಗುತ್ತದೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ, ಮಾತು ಬೇರೆ ಕಡೆಗೆ ಹೊರಳುತ್ತದೆ. ಆದರೆ ನಿಜವನ್ನು ನಿಮ್ಮೆದುರು ಮುಚ್ಚಿಡುವುದೇಕೆ? ನಮ್ಮ ಡೊಂಬಿವಿಲಿಯ ಮನೆಯಲ್ಲಿ ಕುಕ್ಕರು ಕೂಗುವುದಕ್ಕೆ ಮೊದಲು ವೇಟಿನ ಕೆಳಗಿನಿಂದ ಸಣ್ಣಗೆ ಉಸಿರು ಬಿಡುತ್ತದಲ್ಲ, ಆ ಉಸಿರನ್ನು ಮೈಕಿನಲ್ಲಿ ಹಿಡಿದು, ಕಂಪ್ಯೂಟರಿಗೆ ಹಾಕಿ, ಎಳೆದು, ಕತ್ತರಿಸಿ, ಒಂದರ ಮೇಲೊಂದು ಪೇರಿಸಿದರೆ ಅದೊಂದು ಹಾಡಾಗುತ್ತದೆ. ಇದಕ್ಕೆ ಎಲೆಕ್ಟ್ರಾನಿಕ್ ಸಂಗೀತ ಎನ್ನುತ್ತಾರೆ. ನನ್ನ ಬೆನ್ನಿಗೆ ಯಾವ ಕಂಪನಿಯೂ ಇಲ್ಲ, ಹಣ ಹಾಕುವ ಪುಣ್ಯಾತ್ಮನೂ ಇಲ್ಲ. ಆದ್ದರಿಂದ ನಾನು ಸ್ವತಂತ್ರ ಕಲಾವಿದ. ಅಂದರೆ, ಹೆಂಡತಿಯ ಅಪ್ಪಣೆ ಪಡೆದು ಅವಳ ಅಡುಗೆಮನೆಯಲ್ಲಿ ಮೈಕು ಇಡುವಷ್ಟು ಸ್ವತಂತ್ರ.

ಈ ಚಟ ಅಂಟಿದ್ದು ಅಪ್ಪನ ಹೋಟೆಲಿನಲ್ಲಿರಬೇಕು. ಉಡುಪಿ ಕಡೆಯಿಂದ ಬಂದ ಅಪ್ಪ ಸ್ಟೇಷನ್ನಿನ ಹತ್ತಿರ ಇಟ್ಟಿದ್ದ ಪುಟ್ಟ ಹೋಟೆಲಿನಲ್ಲಿ, ನಾನು ಲೆಕ್ಕದ ಪುಸ್ತಕ ತೆರೆದಿಟ್ಟುಕೊಂಡು ದೋಸೆಕಲ್ಲಿಗೆ ನೀರು ಚಿಮುಕಿಸುವ ಚುಂಯ್‌ಗೆ ತಾಳ ಹಾಕುತ್ತ ಕೂರುತ್ತಿದ್ದೆ. ಲೆಕ್ಕ ಬರಲಿಲ್ಲ, ದೋಸೆಯೂ ಬರಲಿಲ್ಲ. ಚುಂಯ್ ಮಾತ್ರ ತಲೆಯಲ್ಲಿ ಉಳಿಯಿತು. ಈಗ ಹಗಲು ಹೊತ್ತು ಭಿವಂಡಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹಿಂದಿನ ಗಲ್ಲಿಯಲ್ಲಿ ಪವರ್‌ಲೂಮುಗಳು ಖಟಖಟ ಎನ್ನುತ್ತಿರುತ್ತವೆ. ಮುಂದೆ ನಮ್ಮ ಹಮಾಲರು ಪೆಟ್ಟಿಗೆ ಎತ್ತುವಾಗ ಒಟ್ಟಿಗೆ ಕೂಗು ಹಾಕುತ್ತಾರೆ. ಒಮ್ಮೆ ಆ ಕೂಗಿನ ಆಸೆಗೆ ಮೊಬೈಲು ಹಿಡಿದು ನಿಂತಿದ್ದೆ. ಕಲಬುರ್ಗಿಯ ಶರಣಪ್ಪ ಹೊತ್ತ ಪೆಟ್ಟಿಗೆಯನ್ನು ಕೆಳಗಿಟ್ಟು, “ಯಾಕ್ರೀ ಸಾಹೇಬ್ರ, ರೆಕಾರ್ಡಿಂಗ್ ಮಾಡ್ಲಿಕತ್ತೀರಿ? ನಮ್ ಮ್ಯಾಲ ಕಂಪ್ಲೇಂಟ್ ಏನರ ಅದ ಏನ್ರಿ?” ಎಂದ. ಹಾಡು ಮಾಡುವುದಕ್ಕೆ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಆ ದಿನ ಎಲ್ಲರೂ ತುಟಿ ಪಿಟಕ್ಕೆನ್ನದೆ ಶಿಸ್ತಾಗಿ ಲಾರಿ ತುಂಬಿದರು. ಮ್ಯಾನೇಜರು ನನ್ನನ್ನು ಹೊಗಳಿದರು. ನನ್ನ ಹಾಡು ಮಾತ್ರ ಹಾಳಾಯಿತು.

ಇಷ್ಟು ವರ್ಷ ನನ್ನ ಹಾಡುಗಳನ್ನು ಇಂಟರ್‌ನೆಟ್ಟಿಗೆ ಹಾಕಿದರೆ ಕೇಳುವವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೂ ಕೆಲವರು ನೆಂಟರು. ಹೀಗಿರುವಾಗ ನವಿ ಮುಂಬಯಿಯ ಕೆಲವು ಹುಡುಗರು, ಒಂದು ಭಾನುವಾರ ಸಭಾಂಗಣವೊಂದರಲ್ಲಿ ಕಾರ್ಯಕ್ರಮವಿದೆ, ಹೊಸದೊಂದು ಹಾಡು ಮಾಡಿಕೊಂಡು ಬಂದು ನುಡಿಸಿ ಎಂದು ಕರೆದರು. ಜನರ ಎದುರು, ಅದೂ ಮೊದಲ ಸಲ! ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ಸಂಜೆ ಗೋದಾಮಿನಿಂದ ಬಂದವನೇ ಕುಕ್ಕರಿನ ಮುಂದೆ ಮೈಕು ನಿಲ್ಲಿಸಿ, ಕಿವಿಗೆ ಈ ಕಾರ್ಯಕ್ರಮಕ್ಕೆಂದೇ ಹೊಸದಾಗಿ ಕೊಂಡ ದಪ್ಪ ಹೆಡ್‌ಫೋನು ಏರಿಸಿ ಕೂತೆ. ಉಸಿರು ಚೆನ್ನಾಗಿಯೇ ಬಂತು. ಆದರೆ ಅದರ ಹಿಂದೆ, ದೂರದಲ್ಲೆಲ್ಲೋ, ಗುಂಯ್ ಎಂದು ಇನ್ನೊಂದು ಸದ್ದು.

ಹೆಡ್‌ಫೋನು ತೆಗೆದು, ಉಸಿರು ಬಿಗಿಹಿಡಿದು ಆಲಿಸಿದೆ. ಏನೂ ಇಲ್ಲ. ಮತ್ತೆ ಹಾಕಿಕೊಂಡು ಕೆಲಸ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್. ಕಳ್ಳನಿಗೆ ನನ್ನ ಚಲನವಲನವೆಲ್ಲ ಗೊತ್ತಿದ್ದ ಹಾಗಿತ್ತು. ಮೊದಲ ಅನುಮಾನ ಫ್ರಿಜ್ಜಿನ ಮೇಲೆ. ಅದನ್ನು ಆರಿಸಿದೆ, ಮತ್ತೆ ಹಾಕಲು ಮರೆತೆ, ಹಾಲು ಒಡೆಯಿತು, ಗುಂಯ್ ಹೋಗಲಿಲ್ಲ. ಆಮೇಲೆ ಫ್ಯಾನು, ಟ್ಯೂಬ್‌ಲೈಟು, ನೀರಿನ ಫಿಲ್ಟರು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡಿ, ಇರಲಿ ಎಂದು ಒಂದು ಪ್ಲಗ್ ಬದಲಿಸಿ ಹೋದ. ಕೊನೆಗೆ ನಮ್ಮ ಕಟ್ಟಡದ ಸೊಸೈಟಿಯ ನೀರಿನ ಪಂಪೇ ಇದಕ್ಕೆ ಕಾರಣ ಎಂದು ಸೆಕ್ರೆಟರಿಯ ಹತ್ತಿರ ಜಗಳಕ್ಕೆ ಹೋದೆ. ಪಂಪು ಸುಟ್ಟು ಎರಡು ದಿನದಿಂದ ಟ್ಯಾಂಕರು ತರಿಸುತ್ತಿರುವುದು ನಿಮಗೆ ಗೊತ್ತಿಲ್ಲವೇ ಎಂದು ಅವರೇ ನನ್ನನ್ನು ವಿಚಾರಿಸಿಕೊಂಡರು. ಮನೆಯನ್ನೇ ಬಿಟ್ಟು ನೋಡೋಣವೆಂದು ಕಾಮೋಠೆಯಲ್ಲಿರುವ ತಂಗಿಯ ಮನೆಗೆ ಮೈಕು, ಕುಕ್ಕರು ಎರಡನ್ನೂ ಚೀಲದಲ್ಲಿ ತುಂಬಿಕೊಂಡು ಹೋದೆ. ಅಣ್ಣ ಬಂದನೆಂದು ಬಾಗಿಲು ತೆರೆದ ತಂಗಿ ಕುಕ್ಕರು ನೋಡಿ, “ಅತ್ತಿಗೆ ಮನೆಯಿಂದ ಹೊರಗೆ ಹಾಕಿದ್ರಾ ಹೇಗೆ?” ಎಂದು ಗಾಬರಿಯಾದಳು. ಅಲ್ಲಿಯೂ ಗುಂಯ್ ಬೇತಾಳನಂತೆ ಬೆನ್ನಿಗೆ ಬಿದ್ದಿತ್ತು.

ಆಗ ನನಗೆ ಹೊಳೆಯಿತು. ಮನೆ ಬದಲಾದರೂ ಸದ್ದು ಬದಲಾಗದಿದ್ದರೆ ಅದು ಮನೆಯದಲ್ಲ, ಕಿವಿಯದು. ಖಾತ್ರಿಗೆಂದು ಹೆಂಡತಿ ವಸಂತಿಯ ಕಿವಿಗೆ ಹೆಡ್‌ಫೋನು ಹಾಕಿ ರೆಕಾರ್ಡಿಂಗ್ ಕೇಳಿಸಿದೆ. ಅವಳು ಕೈಯಲ್ಲಿ ಸೌಟು ಹಿಡಿದುಕೊಂಡೇ ಕೇಳಿ, “ಎಂಥ ಹೊಸ ಸದ್ದು? ಯಾವಾಗ್ಲೂ ಇರುವ ಹಾಗೇ ಉಂಟಲ್ಲ ಮಾರಾಯ್ರೆ” ಎಂದಳು. ಮಗಳನ್ನು ಕೇಳಿದೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುವ ಅವಳು, “ಸಬ್ ನಾರ್ಮಲ್ ಹೈ ಪಪ್ಪಾ” ಎಂದು ಹೊರಟುಹೋದಳು. ಅಲ್ಲಿಗೆ ತೀರ್ಮಾನವಾಯಿತು. ಅವರಿಗೆ ಕೇಳದ್ದು ನನಗೆ ಕೇಳುತ್ತಿದೆ ಎಂದರೆ ನನ್ನ ಕಿವಿ ಕೆಟ್ಟಿದೆ. ನನಗೆ ಗೊತ್ತಿರುವ ವಿದ್ಯೆ ಇದೊಂದೇ. ಕಣ್ಣಿಗೆ ಕನ್ನಡಕವಿದೆ, ಹಲ್ಲಿಗೆ ಸೆಟ್ಟಿದೆ, ಕಿವಿ ಹೋದರೆ ನಾನು ಬರೀ ಗೋದಾಮಿನ ಸೂಪರ್‌ವೈಸರ್. ಊಟ ಸೇರಲಿಲ್ಲ. ಕಾರ್ಯಕ್ರಮದ ಹುಡುಗರಿಗೆ ಬರಲಾಗುವುದಿಲ್ಲ ಎಂದು ತಿಳಿಸಲು ಫೋನು ಎತ್ತಿಕೊಂಡು, ಹಾಗೇ ಇಟ್ಟೆ.

ಡೊಂಬಿವಿಲಿಯಲ್ಲಿ ಕಿವಿಯ ಡಾಕ್ಟರು ಇಲ್ಲವೆಂದಲ್ಲ. ಆದರೆ ಅಲ್ಲಿ ಕಾಯುವ ಬೆಂಚಿನ ಮೇಲೆ ನಮ್ಮ ಭಜನಾ ಮಂಡಳಿಯವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಸಂಗೀತಗಾರನ ಕಿವಿ ಹೋಯಿತಂತೆ ಎಂಬ ಸುದ್ದಿ ಮಂಗಳಾರತಿಗೆ ಮೊದಲೇ ಊರು ಸುತ್ತುತ್ತದೆ. ಅದಕ್ಕೇ ಠಾಣೆಗೆ ಹೋಗಿ, ಘೋಡಬಂದರ್ ರಸ್ತೆಯ ಒಂದು ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿದೆ. ವಸಂತಿಯೂ ಜೊತೆಗೆ ಬಂದಳು. ನನ್ನನ್ನು ಗಾಜಿನ ಕಿಟಕಿಯಿದ್ದ ಒಂದು ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗೆಲ್ಲ ಒತ್ತಬೇಕು. ದೇವರೇ, ಎಲ್ಲ ಸದ್ದೂ ಕೇಳಿಸಲಪ್ಪಾ ಎಂದು ಕಣ್ಣು ಮುಚ್ಚಿದೆ. ಪೀಂ ಎಂದಿತು, ಒತ್ತಿದೆ. ಇನ್ನೂ ಸಣ್ಣಗೆ ಪೀಂ, ಒತ್ತಿದೆ. ಅಷ್ಟರಲ್ಲಿ ಆ ಹಾಳು ಗುಂಯ್ ಇಲ್ಲಿಗೂ ಬಂತು. ನನ್ನ ಕಣ್ಣಲ್ಲಿ ನೀರೇ ಬಂತು.

ಕೂಡಲೇ ಹೆಡ್‌ಫೋನಿನೊಳಗಿಂದ ಪರೀಕ್ಷೆ ಮಾಡುವ ಹುಡುಗಿಯ ದನಿ ಕೇಳಿತು: “ಸರ್, ಪ್ಲೀಸ್, ಗುಣಗುಣೂ ನಕಾ.”

ಗುನುಗಬೇಡಿ! ಯಾರು, ನಾನೇ? ಕಣ್ಣು ಬಿಟ್ಟು ನೋಡಿದೆ. ಗಾಜಿನ ಆಚೆ ಅವಳು ಬಾಯಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ನಾನು ಉಸಿರು ಬಿಗಿಹಿಡಿದೆ. ಗುಂಯ್ ನಿಂತಿತು. ಸ್ವಲ್ಪ ಸಡಿಲ ಬಿಟ್ಟು, ಬೇಕೆಂದೇ ಗಂಟಲಲ್ಲಿ ಎಳೆದೆ. ಗುಂಯ್ ಬಂತು. ಇಷ್ಟು ದಿನ ಫ್ರಿಜ್ಜಿನ, ಫ್ಯಾನಿನ, ಸುಟ್ಟುಹೋದ ಪಂಪಿನ ತಲೆಗೆ ಕಟ್ಟಿದ ಅಪವಾದ ನನ್ನ ಗಂಟಲಿನದೇ ಆಗಿತ್ತು. ಮೈಮರೆತು ಕೇಳುವಾಗ ನಾನು ಗುನುಗುತ್ತೇನೆ, ಆಲಿಸಲೆಂದು ಉಸಿರು ಹಿಡಿದಾಗ ನಿಲ್ಲಿಸುತ್ತೇನೆ. ಪರೀಕ್ಷೆ ಮುಗಿದ ಮೇಲೆ ಹುಡುಗಿ ಕಾಗದ ಕೊಡುತ್ತ, “ಕಾನ್ ಏಕ್ದಮ್ ಚಾಂಗ್ಲೇ ಆಹೇತ್” ಎಂದಳು. ಕಿವಿ ಬಹಳ ಚೆನ್ನಾಗಿದೆ! ತಾನು ಕೇಳಿಸಿದ ಒಂದೊಂದು ಸ್ವರವನ್ನೂ ನಾನು ತಪ್ಪದೆ ತಿರುಗಿ ಹಾಡಿದೆನಂತೆ. ನನಗೆ ಅವಳ ಕಾಲು ಹಿಡಿಯೋಣ ಅನ್ನಿಸುವಷ್ಟು ಸಮಾಧಾನವಾಯಿತು. ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದು ಎಲ್ಲಿಂದ ಬರುತ್ತದೆಂದು ಅವತ್ತು ಗೊತ್ತಾಯಿತು: ಹೊಟ್ಟೆಯಿಂದ. ಹಸಿವು ತಡೆಯಲಾಗದೆ ರಸ್ತೆಯಲ್ಲೇ ಒಂದಾದ ಮೇಲೊಂದು ವಡಾಪಾವ್ ತಿಂದೆ.

ವಿಷಯ ಕೇಳಿ ವಸಂತಿ ನಡುರಸ್ತೆಯಲ್ಲೇ ನಿಂತುಬಿಟ್ಟಳು. “ಅಯ್ಯೋ, ನೀವು ಹುಡುಕ್ತಾ ಇದ್ದದ್ದು ಅದನ್ನಾ? ಮದುವೆಯಾದಾಗಿನಿಂದ ಕೇಳ್ತಾ ಇದ್ದೇನೆ ನಾನು! ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.”

“ಮೊದಲೇ ಹೇಳಬಾರದಿತ್ತಾ?”

“ನೀವು ಮಾಡುವುದು ನಿಮಗೆ ಗೊತ್ತಿಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಅದು ನಿಂತರೆ ನಿಮಗೆ ಹುಷಾರಿಲ್ಲ ಅಂತ ನಾನು ಲೆಕ್ಕ ಹಾಕುವುದು.”

ಕಾರಣ ಗೊತ್ತಾದ ಮೇಲೆ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ರೆಕಾರ್ಡ್ ಮಾಡಿದೆ. ಕುಕ್ಕರು ಬಂತು, ಹಾಡು ಬರಲಿಲ್ಲ. ಉಪ್ಪಿಲ್ಲದ ಸಾರಿನ ಹಾಗಿತ್ತು. ಕರವಸ್ತ್ರ ಬಿಚ್ಚಿ, ಗುಂಯ್ ಸಮೇತ ಹಾಡು ಮುಗಿಸಿ, ಆ ಭಾನುವಾರ ನವಿ ಮುಂಬಯಿಯಲ್ಲಿ ನುಡಿಸಿಯೇಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ನೆಂಟರಲ್ಲದವರೂ ತಟ್ಟಿದರು. ಕೊನೆಗೆ ಜುಟ್ಟು ಕಟ್ಟಿದ ಹುಡುಗನೊಬ್ಬ ಹತ್ತಿರ ಬಂದು, ಕುಕ್ಕರಿನ ಹಿಂದೆ ಗುಂಯ್ ಎನ್ನುತ್ತಿತ್ತಲ್ಲ, ಆ ಸಿಂಥಸೈಜರ್ ಯಂತ್ರ ಯಾವುದು ಅಂಕಲ್ ಎಂದು ಹಿಂದಿಯಲ್ಲಿ ಕೇಳಿದ. ನಾನು ಗಂಭೀರವಾಗಿ, ಹಳೇ ಮಾಡೆಲ್ಲು, ಈಗ ತಯಾರಾಗುವುದಿಲ್ಲ ಎಂದೆ. ಎಲ್ಲಿಯಾದರೂ ಸಿಕ್ಕೀತೇ ಎಂದು ಅವನು ಪಟ್ಟು ಹಿಡಿದ. ಪಕ್ಕದಲ್ಲಿದ್ದ ವಸಂತಿ ನನ್ನ ಹೆಗಲ ಮೇಲೆ ಕೈಯಿಟ್ಟು, “ಯಹೀ ಹೈ ಬೇಟಾ, ಲೇ ಜಾವೋ. ಚಾರ್ಜಿಂಗ್ ನಹೀಂ ಲಗತಾ, ಖಾಲೀ ಚಾಯ್ ಲಗತಾ ಹೈ” ಎಂದಳು. ಇದೇ ಅದು, ತೆಗೆದುಕೊಂಡು ಹೋಗು, ಚಾರ್ಜಿಂಗ್ ಬೇಡ, ಬರೀ ಚಹಾ ಸಾಕಂತೆ! ಹುಡುಗ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದ. ಬೆಲೆ ಮಾತ್ರ ಕೇಳಲಿಲ್ಲ.