ಯಮನೂರ ಗೇಮ್ ತಂದ ಭಾನುವಾರ

ಶಿವಶಂಕರ್ ಮೇಸ್ತ್ರಿ ಒಂದು ಸಲ ಮಾತ್ರ ಫೋನ್ ಮಾಡುತ್ತಿದ್ದ. ಎತ್ತಿದವನಿಗೆ ಮರುದಿನ ಕೆಲಸ. ಎತ್ತದಿದ್ದರೆ, ಅಥವಾ ಕಟ್ ಮಾಡಿದರೆ, ಆ ಕ್ಷಣವೇ ಮುಂದಿನವನಿಗೆ ಫೋನ್ ಹೋಗುತ್ತಿತ್ತು. ಪಟ್ಟಂದೂರು ಅಗ್ರಹಾರದ ಮುನಿಯಕ್ಕನ ವಠಾರದಲ್ಲಿ ಟೈಲ್ಸ್ ಕೂರಿಸುವವರೆಲ್ಲ ಅವನ ಕೈಕೆಳಗಿನವರೇ. ಅವರಲ್ಲಿ ಮೊದಲ ಫೋನ್ ಬರುತ್ತಿದ್ದುದು ಕುಷ್ಟಗಿ ಕಡೆಯ ಯಮನೂರನಿಗೆ.

ಗುರುವಾರ ಸಂಜೆ ಮೇಸ್ತ್ರಿಯ ಫೋನ್ ಬಂತು, ಅರ್ಧ ರಿಂಗಿಗೇ ನಿಂತಿತು. ಶುಕ್ರವಾರವೂ ಹಾಗೇ ಆಯಿತು, ಶನಿವಾರವೂ ಹಾಗೇ. ಮೂರು ಸಲವೂ ಫೋನು ಯಮನೂರನ ಆರು ವರ್ಷದ ಮಗಳು ಭಾಗ್ಯಶ್ರೀಯ ಕೈಯಲ್ಲಿತ್ತು. ಅವಳು ಅದರಲ್ಲಿ ಗೇಮ್ ಆಡುತ್ತಿದ್ದಳು. ಯಮನೂರ ತಿರುಗಿ ಮಾಡಿದರೆ ಆ ಕಡೆಯಿಂದ ಕಟ್. ವಠಾರದಲ್ಲಿ ಬೇರೆ ಯಾರ ಫೋನೂ ಸದ್ದು ಮಾಡಲಿಲ್ಲ. ಮೇಸ್ತ್ರಿ ಸಿಟ್ಟಾಗಿ ಇಡೀ ವಠಾರವನ್ನೇ ಕೈಬಿಟ್ಟಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು. ಅವನ ಮನೆಗೆ ಹೋಗಿ ಕೇಳುವ ಹಾಗೂ ಇರಲಿಲ್ಲ. ಬಾಗಿಲಿಗೆ ಹೋಗಿ ನಿಂತವನ ಕೂಲಿ ಅಲ್ಲೇ ಇಳಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ನಲ್ಲಿಯ ಹತ್ತಿರ ವಿಚಾರಣೆ ಶುರುವಾಯಿತು.

"ನಾ ಕಟ್ ಮಾಡಿಲ್ಲ," ಎಂದಳು ಭಾಗ್ಯಶ್ರೀ, ಫೋನಿನಿಂದ ಕಣ್ಣು ತೆಗೆಯದೆ.

"ಮತ್ತ ಫೋನು ತಾನಾ ಕಟ್ ಮಾಡ್ಕೊಂತೇನು?" ಎಂದ ಪಕ್ಕದ ಮನೆಯ ಭೀಮಪ್ಪ. ಅವನು ಯಮನೂರನ ಹೆಲ್ಪರ್. ಮೇಸ್ತ್ರಿಯ ಫೋನು ಎರಡನೆಯದಾಗಿ ಬರುತ್ತಿದ್ದುದು ಅವನಿಗೆ. "ಯಮನೂರಣ್ಣ, ಎರಡು ಬಿಗಿ. ಇವತ್ತ ಸಂಜೀಗೂ ಕಟ್ ಆತಂದ್ರ ಸೋಮವಾರನೂ ಹೋತು."

"ಒಂದ್ ಏಟು ಬುಟ್ರೆ ಸರಿಯಾಯ್ತದೆ ಕಣಪ್ಪಾ," ಎಂದಳು ವಠಾರದ ಒಡತಿ ಮುನಿಯಕ್ಕ ಮಹಡಿಯಿಂದ ಬಾಗಿ. "ನನ್ ಮಕ್ಳಿಗೆ ಅಂಗೇ ಬುಟ್ಟೆ ನಾನು. ನೀನಿಂಗೆ ಕುಂತ್ರೆ ಬಾಡಿಗೆ ಎಂಗೆ ಕೊಡ್ತೀಯ?"

ಹೆಂಡತಿ ಮಹಾದೇವಿ ಕೈಯಲ್ಲಿದ್ದ ಪೊರಕೆಯನ್ನು ಗಂಡನ ಕಡೆ ಸುಮ್ಮನೆ ಚಾಚಿದಳು.

ಯಮನೂರ ಚಿಕ್ಕಂದಿನಲ್ಲಿ ಅಪ್ಪನ ಕೈಯಲ್ಲೂ ಮೇಷ್ಟ್ರ ಕೈಯಲ್ಲೂ ಬೇಕಾದಷ್ಟು ಏಟು ತಿಂದಿದ್ದ. ಅದರಿಂದ ಬಂದ ಲಾಭವೇನು ಎಂದು ಅವನಿಗೆ ಇವತ್ತಿಗೂ ಗೊತ್ತಾಗಿರಲಿಲ್ಲ.

"ಹೊಡಿಯಂಗಿಲ್ಲ," ಎಂದ.

"ಹಂಗಾರ ಕಸ್ಕೋ," ಎಂದ ಭೀಮಪ್ಪ.

ಅದನ್ನು ಅವನು ನೋಡಿಯಾಗಿತ್ತು. ಫೋನು ಅವಳ ಕೈಗೆ ಒಣಗಿದ ಸಿಮೆಂಟಿನ ಮೇಲಿನ ಟೈಲ್ಸಿನಂತೆ ಅಂಟಿತ್ತು. ಎಬ್ಬಿಸಬೇಕಾದರೆ ಉಳಿ ಸುತ್ತಿಗೆ ಬೇಕಿತ್ತು.

"ಕಸಿಯಂಗೂ ಇಲ್ಲ. ಆಕಿಗೆ ಆಕಿದಾ ಒಂದು ಗೇಮ್ ತರ್ತೀನಿ. ಕೈಯಾಗ ಹಿಡಿದು ಆಡ್ತಾರಲ್ಲ, ಅದು. ಆಕಿ ಅದನ್ನ ಹಿಡೀತಾಳ, ನಾ ಫೋನ್ ಹಿಡೀತೀನಿ."

ನಲ್ಲಿಯ ಹತ್ತಿರ ನಿಂತಿದ್ದವರೆಲ್ಲ ಒಟ್ಟಿಗೇ ನಕ್ಕರು.

"ವಿಡಿಯೋ ಗೇಮಾ?" ಮುನಿಯಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವೆಲ್ಲ ಕಂಪ್ನಿಯೋರ ಮಕ್ಳು ಆಡೋದು ಕಣಪ್ಪಾ."

"ಯಾಕ, ಅವರ ಮಕ್ಕಳಿಗೆ ಹತ್ತು ಬೆರಳು, ನನ್ನ ಮಗಳಿಗೆ ಎಂಟಾ?" ಎಂದು ಯಮನೂರ ಅಂಗಿ ಹಾಕಿಕೊಂಡ.

ನಗುವುದು ಮುಗಿದ ಮೇಲೆ ಎಲ್ಲರಿಗೂ ತಂತಮ್ಮ ಜವಾಬ್ದಾರಿ ನೆನಪಾಯಿತು. ಟಿವಿಗೆ ಸಿಕ್ಕಿಸುವ ವೈರ್ ಇರಲೇಬೇಕು, ಇಲ್ಲದಿದ್ದರೆ ವಠಾರದವರು ನೋಡುವುದು ಹೇಗೆ ಎಂದ ಭೀಮಪ್ಪ. ಎಬಿಸಿಡಿ ಕಲಿಸುವಂಥದ್ದು ತಾ ಎಂದಳು ಮುನಿಯಕ್ಕ. ಚಾರ್ಜಿಗೆ ಹಾಕುವಂಥದ್ದು ಮಾತ್ರ ಬೇಡ, ಕರೆಂಟು ಅವಳದು. "ಸದ್ದ ಮಾಡಬಾರದು ನೋಡ್ರಿ," ಎಂದಳು ಮಹಾದೇವಿ. ಅವಳು ವಾರಪೂರ್ತಿ ಐಟಿ ಪಾರ್ಕಿನಲ್ಲಿ ಮೂರು ಮಹಡಿ ಒರೆಸಿ ಬಂದವಳು. ಭಾಗ್ಯಶ್ರೀಯನ್ನು ಮಾತ್ರ ಯಾರೂ ಕೇಳಲಿಲ್ಲ.

ಮಾರತ್ತಹಳ್ಳಿ ಸೇತುವೆಯ ಪಕ್ಕದ ಅಂಗಡಿಯ ಹುಡುಗ ಯಮನೂರನ ಪ್ಯಾಂಟಿಗೆ ಮೆತ್ತಿದ್ದ ಬಿಳಿ ಸಿಮೆಂಟನ್ನು ನೋಡಿ, ಎದ್ದು ನಿಲ್ಲಬೇಕೋ ಬೇಡವೋ ಎಂದು ಯೋಚಿಸಿ, ಅರ್ಧ ಎದ್ದ.

"ಏನ್ ಬೇಕಣ್ಣ?"

"ಕೈಯಾಗ ಹಿಡಿದು ಆಡೋ ಗೇಮು. ಆರು ವರ್ಷದ ಹುಡುಗಿಗೆ. ಅದಕ್ಕ ಫೋನ್ ಬರಬಾರದು."

"ಗೇಮಿಗೆ ಯಾಕಣ್ಣ ಫೋನ್ ಬರುತ್ತೆ?"

"ಈಗ ಯಾವುದಕ್ಕ ಬರಂಗಿಲ್ಲ ಹೇಳು? ಬಂದ್ರ ಮತ್ತ ಕಟ್ ಮಾಡ್ತಾಳ."

ಹುಡುಗ ಗಾಜಿನ ಕಪಾಟಿನಿಂದ ಒಂದು ದೊಡ್ಡದನ್ನು ಹುಷಾರಾಗಿ ಇಳಿಸಿದ. "ಇದು ಟಾಪ್ ಐಟಮ್. ಮನೇಲಿ ವೈಫೈ ಇದೆ ತಾನೆ?"

"ನೀರಾ ದಿನಾ ಬರಂಗಿಲ್ಲ."

"ಹಂಗಾದ್ರೆ ನಿಮ್ ಫೋನಿಂದ ನೆಟ್ ಕೊಡಿ. ಅಕೌಂಟ್ ಮಾಡ್ಬೇಕು, ನಿಮ್ ಫೋನಿಗೆ ಓಟಿಪಿ ಬರುತ್ತೆ, ಮಗು ಎಷ್ಟೊತ್ತು ಆಡ್ತು ಅಂತ ನಿಮ್ ಫೋನಲ್ಲೇ ನೋಡ್ಬೋದು."

"ಅಂದ್ರ ಫೋನ್ ಬಿಡಸಾಕ ತಗೊಳ್ಳೋ ಗೇಮಿಗೆ ಫೋನಾ ಬೇಕು?" ಯಮನೂರ ಅದನ್ನು ಒಂದು ಬೆರಳಿನಿಂದ ಆಚೆ ನೂಕಿದ.

ಎರಡನೆಯದು ಗುಲಾಬಿ ಬಣ್ಣದ್ದು. ಗುಂಡಿ ಒತ್ತಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಹಣ್ಣುಗಳ ಹೆಸರು ಹೇಳಿ, ತಪ್ಪು ಉತ್ತರಕ್ಕೆ ಬೇಸರದ ದನಿ ತೆಗೆಯುತ್ತಿದ್ದಳು.

"ಇದು ಶಾಲಿ," ಎಂದ ಯಮನೂರ. "ಶಾಲಿ ಕೊಟ್ರ ಯಾವ ಹುಡುಗಿ ಫೋನ್ ಬಿಡ್ತಾಳ?"

ಮೂರನೆಯದು ಹಳದಿಯದು, ಸೋಪಿನ ಡಬ್ಬಿಯಷ್ಟು. ಸೆಲ್ ಹಾಕಿ ಆಡುವಂಥದ್ದು, ನಾನೂರು ಗೇಮು. ಯಮನೂರ ಮೊದಲನೆಯದು ನೋಡಿದ: ಒಂದು ಕಾರು ಬೇರೆ ಕಾರುಗಳನ್ನು ತಪ್ಪಿಸಿಕೊಂಡು ಹೋಗುತ್ತಿತ್ತು. ಎರಡನೆಯದರಲ್ಲಿ ಅದೇ ಕಾರು ಕೆಂಪಾಗಿತ್ತು.

"ನಾನೂರೂ ಇದಾ ಕಾರಾ?"

"ಬಣ್ಣ ಬೇರೆ ಅಣ್ಣ."

ಅಲ್ಲೇ ಮಗನಿಗೆ ಹೆಡ್‌ಫೋನ್ ಆರಿಸುತ್ತಿದ್ದ ಮೇಡಂ ಒಬ್ಬರಿಗೆ ತಡೆಯಲಾಗಲಿಲ್ಲ. "ಆರು ವರ್ಷಕ್ಕೆ ಸ್ಕ್ರೀನ್ ಕೊಡ್ಬಾರ್ದು ಕಣ್ರೀ. ಕಣ್ಣು, ಮೈಂಡ್ ಎರಡೂ ಹಾಳು. ಪಾರ್ಕಿಗೆ ಕಳ್ಸಿ, ಆಡ್ಕೊಳ್ಲಿ."

"ಯಾವ ಪಾರ್ಕಿಗೆ ಮೇಡಂ?"

"ನಮ್ ಅಪಾರ್ಟ್‌ಮೆಂಟಲ್ಲಿ ಎಷ್ಟು ದೊಡ್ಡ ಪಾರ್ಕ್ ಇದೆ! ಮಕ್ಳೇ ಬರಲ್ಲ."

"ಹಂಗಾರ ನಾಳೆ ಕಳಸ್ಲೇನ್ರಿ? ಗೇಟಿನ್ಯಾಗ ನಿಮ್ಮ ಹೆಸರು ಹೇಳ್ತಾಳ."

ಮೇಡಂಗೆ ಹೆಡ್‌ಫೋನಿನ ವೈರಿನಲ್ಲಿ ಏನೋ ವಿಶೇಷ ಕಂಡಿತು. ಅದನ್ನೇ ನೋಡುತ್ತ ಪಕ್ಕದ ಸಾಲಿಗೆ ಸರಿದರು.

ಯಮನೂರ ಹಳದಿ ಗೇಮನ್ನು ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿದ. ಟೈಲ್ಸ್ ಕೂರಿಸಿದ ಮೇಲೆ ಅದರ ಕೆಳಗೆ ಪೊಳ್ಳಿದೆಯೇ ಎಂದು ಅವನು ನೋಡುತ್ತಿದ್ದುದೇ ಹೀಗೆ.

"ಪೊಳ್ಳು ಐತಿ."

"ಅಣ್ಣಾ, ಅದು ತೆಂಗಿನಕಾಯಿ ಅಲ್ಲ! ಒಳಗೆ ಪೊಳ್ಳೇ ಇರೋದು."

"ನಮ್ಮ ಹುಡುಗಿ ಬೀಳಿಸಿದ್ರ?" ಎಂದು ಯಮನೂರ ಅದನ್ನು ಸೊಂಟದೆತ್ತರಕ್ಕೆ ಹಿಡಿದು ಅಂದಾಜು ನೋಡುತ್ತಿರುವಾಗಲೇ ಅದು ಕೈಜಾರಿತು. ಮುಚ್ಚಳ ಒಂದು ಕಡೆ ಹೋಯಿತು. ಸೆಲ್ಲುಗಳು ಮೆಟ್ಟಿಲಿಳಿದು ಫುಟ್‌ಪಾತಿಗೆ ಹೋದವು. ಹುಡುಗ ಅವನ್ನು ಆರಿಸಿ ತಂದು ಹಾಕಿದಾಗ ಗೇಮು ಆನ್ ಆಯಿತು. ಜೊತೆಗೆ ಅದರ ಹಾಡೂ ಶುರುವಾಯಿತು. ಯಾವ ಗುಂಡಿ ಒತ್ತಿದರೂ ಹಾಡು ನಿಲ್ಲಲಿಲ್ಲ.

"ಬೀಳಿಸಿದ್ದು ನೀವು. ತಗೊಂಡೇ ಹೋಗ್ಬೇಕು," ಎಂದ ಹುಡುಗ.

"ಬಿಡಂತ ಯಾರಂದ್ರು? ಬಿದ್ದೂ ಹಾಡಾಕತ್ತೈತಿ. ನನಗಿದಾ ಬೇಕಿತ್ತು," ಎಂದು ಯಮನೂರ ಹಣ ಕೊಟ್ಟು, ಗೆದ್ದವನಂತೆ ಮೆಟ್ಟಿಲಿಳಿದ.

ಬಸ್ಸಿನಲ್ಲಿ ಚೀಲದೊಳಗಿಂದ ಹಾಡು ಬರುತ್ತಲೇ ಇತ್ತು. ಕಂಡಕ್ಟರ್ "ಯಾರ್ರೀ ಅದು, ಆಫ್ ಮಾಡ್ರಿ," ಎಂದ. "ನೀವಾ ಮಾಡ್ರಿ ನೋಡೋಣ," ಎಂದು ಯಮನೂರ ಅವನ ಕೈಗೇ ಕೊಟ್ಟ. ಕಂಡಕ್ಟರಿಗೆ ಆಗಲಿಲ್ಲ. ಅವನಿಂದ ಅದು ಕಾಲೇಜು ಹುಡುಗನೊಬ್ಬನಿಗೆ ಹೋಯಿತು, ಅವನಿಂದ ಸೊಪ್ಪಿನ ಬುಟ್ಟಿಯ ಹೆಂಗಸಿಗೆ. ಅವಳು ಹಾಡು ನಿಲ್ಲಿಸುವ ಬದಲು ಕೆಂಪು ಕಾರು ಓಡಿಸತೊಡಗಿದಳು. "ತಡಿಯಪ್ಪಾ, ಇನ್ನೊಂದ್ ಲಾರಿ ದಾಟುಸ್ಬುಡ್ತೀನಿ," ಎಂದು ಅವಳು ತಿರುಗಿ ಕೊಡುವಷ್ಟರಲ್ಲಿ ಇಳಿಯಬೇಕಾದ ಸ್ಟಾಪು ದಾಟಿ ಹೋಗಿತ್ತು. ಯಮನೂರ ಬಿಸಿಲಲ್ಲಿ ಹಾಡಿನ ಸಮೇತ ಹಿಂದಕ್ಕೆ ನಡೆದ. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಅವನೂ ತಲೆ ಎತ್ತಿ ಅವರನ್ನು ನೋಡಿದ.

ವಠಾರದಲ್ಲಿ ಭಾಗ್ಯಶ್ರೀ ಹಳದಿ ಡಬ್ಬಿಯನ್ನು ಕಂಡದ್ದೇ ಫೋನನ್ನು ಚಾಪೆಯ ಮೇಲೆ ಬಿಸಾಕಿದಳು. ಮೂರು ದಿನ ಯಾರಿಂದಲೂ ಬಿಡಿಸಲಾಗದ ಫೋನು! ಯಮನೂರ ಅದನ್ನೆತ್ತಿ ಜೇಬಿಗಿಟ್ಟುಕೊಂಡು ಬಾಗಿಲಲ್ಲಿ ನಿಂತ. "ಬಿಡಿಸಿದ್ನಾ? ಕೈ ಎತ್ತಿದ್ನಾ?" ಎಂದು ಒಬ್ಬೊಬ್ಬರನ್ನೇ ಕೇಳಿದ.

"ಅದೆಲ್ಲ ಸರಿ, ಅದ್ರ ಬಾಯಿ ಮುಚ್ಸಪ್ಪಾ ಮೊದ್ಲು," ಎಂದು ಮುನಿಯಕ್ಕ ಮಹಡಿಯಿಂದ ಕೂಗಿದಳು. ಭೀಮಪ್ಪ ಚಿಟಿಕೆ ಬಿಳಿ ಸಿಮೆಂಟು ಕಲಸಿ ತಂದು ಸ್ಪೀಕರಿನ ತೂತುಗಳಿಗೆ ಮೆತ್ತಿದ. ಹಾಡು ಗಂಟಲಿಗೆ ಇಳಿದು, ಗೊರಕೆಯಾಗಿ, ನಿಂತಿತು. ಇಡೀ ದಿನದಲ್ಲಿ ವಠಾರದವರು ಮಾಡಿದ ಉಪಕಾರ ಅದೊಂದೇ.

ಸಂಜೆಯಾದರೂ ಫೋನು ಬರಲಿಲ್ಲ. ಬಂದದ್ದು ಮೇಸ್ತ್ರಿ. ಕುಂದಲಹಳ್ಳಿಯಿಂದ ಸ್ಕೂಟರಿನಲ್ಲಿ, ಬಾಚದ ತಲೆಯಲ್ಲಿ, ಅವನಾಗಿಯೇ ವಠಾರದೊಳಕ್ಕೆ ಬಂದ. ಕೂತವರೆಲ್ಲ ಎದ್ದರು.

"ಸಾರ್, ಕಟ್ ಮಾಡಿದ್ದು ನಾನಲ್ರಿ," ಎಂದು ಯಮನೂರ ಶುರು ಮಾಡಿದ.

"ನೀನ್ ಕಟ್ ಮಾಡೋಕೆ ನಾನೆಲ್ಲೋ ಫೋನ್ ಮಾಡಿದ್ದೆ?" ಮೇಸ್ತ್ರಿ ಮೆಟ್ಟಿಲ ಮೇಲೆ ಕುಸಿದು ಕೂತ. "ಗುರುವಾರದಿಂದ ಫೋನ್ ನಮ್ ಮಗ ಲಿಖಿತ್ ಕೈಲಿದೆ. ನಾಲ್ಕು ವರ್ಷ ಇನ್ನೂ. ಕಿತ್ಕೊಂಡ್ರೆ ಉಸಿರು ಕಟ್ಟಿ ನೀಲಿ ಆಗ್ತಾನೆ. ನಿನ್ ನಂಬರಿಗೆ ಹಾಕಿರೋ ಫೋಟೋದಲ್ಲಿ ಕೆಂಪು ಹೆಲ್ಮೆಟ್ ಇದೆಯಲ್ಲ, ಅದು ಇಷ್ಟ ಅವನಿಗೆ. ಅದನ್ನ ಒತ್ತೋದು, ಕಟ್ ಮಾಡೋದು. ನೀನು ಮಾಡಿದ್ರೂ ಕಟ್ ಮಾಡೋದು. ಎಂಜಿನಿಯರ್‌ದೂ ಕಟ್ ಮಾಡ್ತಾನೆ. ನಂಬರೆಲ್ಲ ಅದ್ರಲ್ಲೇ. ಎರಡು ದಿನದಿಂದ ಸೈಟ್ ಖಾಲಿ ಬಿದ್ದಿದೆ."

"ನಾ ಹೇಳಿದ್ನಿಲ್ಲ?" ಎಂದಳು ಭಾಗ್ಯಶ್ರೀ. ಯಾರೂ ಅವಳ ಕಡೆ ನೋಡಲಿಲ್ಲ.

ಒಂದೇಟು ಬಿಡಿ ಎಂದು ಮೇಸ್ತ್ರಿಗೆ ಯಾರೂ ಹೇಳಲಿಲ್ಲ. "ಅಯ್ಯೋ, ಕೂಸು ಸಾರ್ ಅದು, ಏನ್ ತಿಳಿತೈತಿ," ಎಂದ ಭೀಮಪ್ಪ. "ಮಕ್ಳು ಅಂದ್ಮೇಲೆ ಅಂಗೇ," ಎಂದಳು ಮುನಿಯಕ್ಕ.

ಮೇಸ್ತ್ರಿಯ ಕಣ್ಣು ಆಗಲೇ ಹಳದಿ ಡಬ್ಬಿಯ ಮೇಲಿತ್ತು. "ಅದೇನೋ ಅದು? ಅದು ಕೊಟ್ರೆ ಫೋನ್ ಬಿಡ್ತಾರಾ?"

"ಬಿಡ್ತಾರ ಸಾರ್, ನಾವಾ ಕಣ್ಣಾರೆ ನೋಡೀವಿ!" ಎಂದ ಭೀಮಪ್ಪ. "ಯಮನೂರಣ್ಣ, ಕೊಡು."

ಯಮನೂರ ಅಲುಗಲಿಲ್ಲ. "ಅದು ನನ್ನದಲ್ಲ ಸಾರ್. ನನ್ನ ಮಗಳದು. ಆಕಿನ್ನ ಕೇಳ್ರಿ."

ಮೇಸ್ತ್ರಿ ಯಮನೂರನನ್ನೊಮ್ಮೆ ನೋಡಿ, ಎದ್ದು ಬಂದು, ಭಾಗ್ಯಶ್ರೀಯ ಎದುರು ಕುಕ್ಕರಗಾಲಲ್ಲಿ ಕೂತ. "ಪುಟ್ಟೀ, ಇದು ಕೊಡ್ತೀಯಾ?"

ಭಾಗ್ಯಶ್ರೀ ಡಬ್ಬಿಯನ್ನು ತಿರುಗಿಸಿ ನೋಡಿದಳು. ಅಷ್ಟರಲ್ಲಿ ಅವಳು ಆರು ಬಣ್ಣದ ಕಾರು ಮುಗಿಸಿದ್ದಳು. "ಹಂಗಾರ ನನಗ ಫೋನ್ ಬೇಕು."

"ಕೊಡ್ತೀವಿ!" ಎಂದು ಇಡೀ ವಠಾರ ಯಮನೂರನ ಫೋನನ್ನು ಒಕ್ಕೊರಲಿನಿಂದ ದಾನ ಮಾಡಿತು.

"ಮನೆಗೆ ಹೋದ್ ತಕ್ಷಣ ಎಂಜಿನಿಯರ್‌ನ ಕೇಳಿ ಫೋನ್ ಮಾಡ್ತೀನಿ. ಮೊದ್ಲು ನಿಂಗೇ," ಎಂದು ಮೇಸ್ತ್ರಿ ಡಬ್ಬಿ ಹಿಡಿದು ಸ್ಕೂಟರ್ ಹತ್ತಿದ.

ಯಮನೂರ ಮಗಳ ಪಕ್ಕದಲ್ಲೇ ಫೋನಿನ ಮೇಲೆ ಕಣ್ಣಿಟ್ಟು ಕಾವಲು ಕೂತ. ಅಷ್ಟು ಹೊತ್ತಿಗೆ ಮಹಾದೇವಿ "ನೀರ್ ಬಂತ್ರಿ!" ಎಂದು ಕೂಗಿದಳು. ಅವನು ಕೊಡ ಎತ್ತಿಕೊಂಡು ನಲ್ಲಿಗೆ ಓಡಿದ. ಕೊಡ ಕುತ್ತಿಗೆವರೆಗೆ ತುಂಬಿತ್ತು. ಆಗ ಫೋನು ರಿಂಗಾಯಿತು. ಅರ್ಧಕ್ಕೇ ನಿಂತಿತು.

ಮರುಕ್ಷಣ ಭೀಮಪ್ಪನ ಜೇಬಿನಲ್ಲಿ ರಿಂಗಾಯಿತು.

ಭೀಮಪ್ಪ ಫೋನ್ ನೋಡಿದ, ಯಮನೂರನನ್ನು ನೋಡಿದ, ದುಃಖದ ಮುಖ ಮಾಡಿಕೊಂಡು ಎತ್ತಿದ. "ಹೂಂ ಸಾರ್. ಬರ್ತೀನ್ ಸಾರ್."

ಯಮನೂರ ಕೊಡ ಬಿಟ್ಟು ಬಂದು ಅವನ ಕೈಯಿಂದ ಫೋನು ಕಸಿದುಕೊಂಡ. "ಸಾರ್, ಯಮನೂರ. ಈಗ ಕಟ್ ಆಗಿದ್ದು..."

"ನಾಳೆ ಒಬ್ನೇ ಸಾಕು ಅಂದ್ರು ಎಂಜಿನಿಯರ್. ಮೊದ್ಲು ನಿಂಗೇ ಮಾಡ್ದೆ, ಕಟ್ ಮಾಡ್ದೆ ನೀನು. ಮಗಳದ್ದು ಕೇಳ್ಬಿಟ್ಟೆ ಅಂತ ಅಷ್ಟೊಂದು ಸಿಟ್ಟೇನೋ? ಎಲ್ರ ಮುಂದೆ ನನ್ನ ನೆಲಕ್ಕೆ ಕೂರಿಸ್ದಾಗ್ಲೇ ಗೊತ್ತಾಯ್ತು ನಿನ್ ಪೊಗರು."

"ನಾನಲ್ರಿ ಸಾರ್, ನನ್ನ ಮಗಳು..."

"ಯಾವಾಗ್ಲೂ ಮಗು ಮೇಲೆ ಹಾಕ್ಬೇಡ. ಬೆಳಿಗ್ಗೆಯಿಂದ ಅದೇ ಆಗಿತ್ತಂತೆ ನಿಂದು, ಪಾಪ, ಅದು ಕಟ್ಟೇ ಮಾಡಿರ್ಲಿಲ್ಲ." ಮೇಸ್ತ್ರಿ ಇಟ್ಟುಬಿಟ್ಟ.

ಯಮನೂರ ಮಗಳ ಎದುರು ಬಂದು ನಿಂತ. "ನೀನಾ ಕಟ್ ಮಾಡಿದೇನು?"

"ಹೂಂ. ಈಗ ಮಾಡೀನಿ," ಎಂದಳು ಭಾಗ್ಯಶ್ರೀ. "ಒಂದಾ ಸಾಲು ಉಳಿದಿತ್ತು."

ಮಹಾದೇವಿ, ಭೀಮಪ್ಪ, ಮಹಡಿಯ ಮೇಲೆ ಮುನಿಯಕ್ಕ, ಎಲ್ಲರ ಕಣ್ಣೂ ಯಮನೂರನ ಬಲಗೈ ಮೇಲೆ ನೆಟ್ಟಿತು. ಕೈ ಮೇಲೆದ್ದಿತು. ಮುನಿಯಕ್ಕ ಚೆನ್ನಾಗಿ ಕಾಣಲೆಂದು ಇನ್ನಷ್ಟು ಬಾಗಿದಳು.

ಯಮನೂರ ತಲೆ ಕೆರೆದುಕೊಂಡ. ಆಮೇಲೆ ಮಗಳ ಪಕ್ಕದಲ್ಲಿ ಕೂತು ಫೋನಿನೊಳಗೆ ಇಣುಕಿದ. ಮೇಲಿನಿಂದ ಬಣ್ಣದ ಚೌಕ ಬಿಲ್ಲೆಗಳು ಒಂದೊಂದಾಗಿ ಬೀಳುತ್ತಿದ್ದವು, ಅವಳು ಅವನ್ನು ಸಾಲಾಗಿ ಜೋಡಿಸುತ್ತಿದ್ದಳು. ಎರಡು ನಿಮಿಷ ನೋಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಅಲ್ಲಲ್ಲ, ಅದನ್ನ ಎಡಗಡಿ ಮೂಲಿಗೆ ಇಡು. ಮೂಲಿಯಿಂದಾ ಶುರು ಮಾಡ್ಬೇಕು."

"ಸುಮ್ಮನಿರಪ್ಪಾ," ಎಂದಳು ಭಾಗ್ಯಶ್ರೀ. "ನಿನಗ ಬಿಲ್ಲಿ ಕೂಡ್ಸಾಕ ಬರಂಗಿಲ್ಲ."