ರಸ್ತೆಬದಿಯ ವಿಮಾನಕ್ಕೆ ಬೋರ್ಡು ಬರೆಯುವವನ ದೂರು

ಮಾನ್ಯ ವಿಮಾನದವರೇ,

ಮೂವತ್ತು ವರ್ಷಗಳಿಂದ ಹೆದ್ದಾರಿಯ ತಿರುವಿನಲ್ಲಿ ಮೂಗು ಮೇಲೆತ್ತಿ ನಿಂತು, ಒಂದಿಂಚೂ ಹಾರದೆ, ಹೊಟ್ಟೆಯೊಳಗೆ ಕ್ಯಾಂಟೀನು ಇಟ್ಟುಕೊಂಡು, ಊರಿನ ಪ್ರತಿಯೊಂದು ವಿಳಾಸಕ್ಕೂ 'ವಿಮಾನದಿಂದ ಎಡಕ್ಕೆ' ಎಂಬ ಗೌರವ ತಂದುಕೊಟ್ಟ ತಮ್ಮ ಪಾದಗಳಿಗೆ, ಅಂದರೆ ಗಾಳಿಯಿಲ್ಲದ ಆ ಮೂರು ಚಕ್ರಗಳಿಗೆ, ಎದುರಂಗಡಿಯ ಬೋರ್ಡು ಬರೆಯುವವನು ಮಾಡುವ ನಮಸ್ಕಾರಗಳು.

ತಮ್ಮ ಮೇಲೆ ಒಂದು ದೂರಿದೆ. ಎರಡು ವರ್ಷಗಳಿಂದ ತಾವು ಕರ್ತವ್ಯದಲ್ಲಿ ತೀರಾ ಅಸಡ್ಡೆ ತೋರಿಸುತ್ತಿದ್ದೀರಿ. ಬಲರೆಕ್ಕೆ ಜೋತುಬಿದ್ದಿದೆ, ಐದನೇ ಮೇಜಿನ ಕೆಳಗೆ ನೆಲ ಕುಸಿದಿದೆ, ಒಳಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಜನ್ಮದಲ್ಲಿ ವಿಮಾನ ಹತ್ತದ ನನ್ನ ಅತ್ತೆ ತಮ್ಮ ಕಿಟಕಿ ಪಕ್ಕ ಕೂತು ಚಹಾ ಕುಡಿಯುತ್ತಾ, "ಈಗ ಎಷ್ಟು ಎತ್ತರ ಬಂದಿದ್ದೀವಿ, ಅಳಿಯಂದ್ರೇ?" ಎಂದು ಕೇಳುತ್ತಿದ್ದರು, ನಾನೂ ಹೊರಗೆ ಇಣುಕಿ, "ಮೋಡ ದಾಟಿದ್ವಿ ಅತ್ತೆ" ಎನ್ನುತ್ತಿದ್ದೆ. ಈಗ ಅವರನ್ನು ಅಲ್ಲಿ ಕೂರಿಸಲು ಭಯವಾಗುತ್ತದೆ. ಬರುವ ಸೋಮವಾರ ಕ್ರೇನ್ ಬಂದು ತಮ್ಮನ್ನು ಗುಜರಿಗೆ ಎತ್ತಿಕೊಂಡು ಹೋಗುತ್ತದಂತೆ. ಇಷ್ಟು ವರ್ಷ ಮರ್ಯಾದೆಯಿಂದ ನಿಂತವರು ಕೊನೆಗೆ ಹಾರುವುದು ಕ್ರೇನಿನ ಕೊಕ್ಕೆಯಲ್ಲೇ?

ಈ ಅವನತಿಗೆ ಕಾರಣರಾದವರನ್ನು ನಾನು ಸುಮ್ಮನೆ ಬಿಟ್ಟಿಲ್ಲ ಎಂಬುದನ್ನು ವಿನಯದಿಂದ ತಿಳಿಸುತ್ತೇನೆ. ನೆಲ ನಡುಗಿಸುವ ಲಾರಿಗಳ ಬಗ್ಗೆ ರಸ್ತೆ ಇಲಾಖೆಗೆ, ತಮ್ಮ ಬಾಲದ ಮೇಲೆ ಸಭೆ ಸೇರುವ ಪಾರಿವಾಳಗಳ ಬಗ್ಗೆ ಪಶುವೈದ್ಯರಿಗೆ, ಅಕಾಲ ಮಳೆಯ ಬಗ್ಗೆ ಹವಾಮಾನ ಕಚೇರಿಗೆ, ದುಂಡನೆಯ ಅಕ್ಷರಗಳಲ್ಲಿ ಹನ್ನೊಂದು ಪತ್ರ ಬರೆದಿದ್ದೇನೆ. ಹವಾಮಾನದವರು ಮಾತ್ರ ಉತ್ತರಿಸಿ, ಮಳೆ ತಮ್ಮ ಕಚೇರಿಯ ಅಧೀನದಲ್ಲಿಲ್ಲವೆಂದು ಕೈ ತೊಳೆದುಕೊಂಡರು.

ಕಳೆದ ವಾರ ತಮ್ಮ ಆರೋಗ್ಯ ನೋಡಲು ನಿವೃತ್ತ ವಿಮಾನ ಮೆಕ್ಯಾನಿಕ್ ಒಬ್ಬರು ಬಂದರು. ಟಾರ್ಚು ಹಿಡಿಯುವ ಭಾಗ್ಯ ನನ್ನದಾಯಿತು. ಅವರು ತಮ್ಮ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಬೆರಳಿನಿಂದ ತಡವಿ, "ನೀರು ಬಸಿದು ಹೋಗೋಕೆ ಇಲ್ಲಿ ಸಣ್ಣ ಸಣ್ಣ ತೂತು ಇರ್ತವೆ ಕಣ್ರೀ. ಯಾವ ಪುಣ್ಯಾತ್ಮ ಇದಕ್ಕೆಲ್ಲ ಪುಟ್ಟಿ ಮೆತ್ತಿದ್ದು?" ಎಂದರು.

ಆ ಪುಣ್ಯಾತ್ಮ ಟಾರ್ಚು ಹಿಡಿದುಕೊಂಡಿದ್ದ. ಒಂಬತ್ತು ವರ್ಷಗಳ ಹಿಂದೆ ತಮಗೆ ಬಣ್ಣ ಬಳಿಯುವಾಗ, ಬೋರ್ಡಿನಲ್ಲಿ ಮೊಳೆಯ ತೂತು ಕಂಡರೂ ಸಹಿಸದ ನನ್ನ ಕೈ ಆ ಇಪ್ಪತ್ತಾರು ತೂತುಗಳನ್ನೂ ಹುಡುಕಿ ಹುಡುಕಿ ಮುಚ್ಚಿ, ಉಜ್ಜಿ, ನುಣುಪು ಮಾಡಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಅಂದಿನಿಂದ ಒಳಗಿಳಿದ ಮಳೆನೀರೆಲ್ಲ ಅಲ್ಲೇ ನಿಂತು, ತಮ್ಮ ತಗಡು ಒದ್ದೆ ರಟ್ಟಿನಂತಾಗಿದೆ. ಮೆಕ್ಯಾನಿಕ್ಕಿಗೆ ನಾನು "ಯಾರೋ, ಗೊತ್ತಿಲ್ಲ" ಎಂದೆ.

ನೀರು ನಿಂತು ಕೆಟ್ಟಿದೆ ಎಂಬಷ್ಟನ್ನೇ ಕೇಳಿಸಿಕೊಂಡ ಕ್ಯಾಂಟೀನಿನ ಯಜಮಾನರು, ಪಾತ್ರೆ ತೊಳೆಯುವ ತೊಟ್ಟಿ ಸೋರಿಯೇ ಹೀಗಾಯಿತೆಂದು ನಂಬಿ, ಬಂದ ಗಿರಾಕಿಗಳಿಗೆಲ್ಲ "ನನ್ನದೇ ತಪ್ಪು" ಎಂದು ಕೈಮುಗಿಯುತ್ತಿದ್ದಾರೆ. ನಿನ್ನೆ ನನಗೂ ಕೈಮುಗಿದರು. ನಾನು ಚಹಾ ಕುಡಿದು, ಬಾಯಿ ಒರೆಸಿಕೊಂಡು, "ಹೋಗ್ಲಿ ಬಿಡಿ" ಎಂದು ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿ ಬಂದೆ. ಅಲ್ಲಿಂದೀಚೆಗೆ ನನಗೆ ನನ್ನ ಮುಖ ನೋಡಿಕೊಳ್ಳಲು ನಾಚಿಕೆಯಾಗುತ್ತಿದೆ.

ಆದ್ದರಿಂದ ತಾವು ದಯಮಾಡಿ ಸೋಮವಾರದೊಳಗೆ ಒಮ್ಮೆ ಹಾರಿಬಿಡಬೇಕು. ಆಗದಿದ್ದರೆ ತುಸು ಮುಂದೆ ಉರುಳಿ ನನ್ನ ಅಂಗಡಿಯ ಮೇಲೆ ಬೀಳಬೇಕು. ಅದೂ ಕಷ್ಟವಾದರೆ ಯಜಮಾನರಿಗೆ ನಿಜವನ್ನಾದರೂ ಹೇಳಬೇಕು, ನನ್ನಿಂದ ಆಗುತ್ತಿಲ್ಲ. ಅದಕ್ಕೇ ಈ ಪತ್ರವನ್ನು ತಮ್ಮ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಬೆಳಿಗ್ಗೆ ಬೀಗ ತೆಗೆಯಲು ಬರುವವರು ಅವರೇ.

ನುಣುಪಿನ ವಿಷಯದಲ್ಲಿ ಮಾತ್ರ ನಂಬಬಹುದಾದ,
ತಮ್ಮ ವಿಶ್ವಾಸಿ,
ಬೋರ್ಡು ಬರೆಯುವವನು

ಮರುದಿನ ಸೇರಿಸಿದ್ದು: ಯಜಮಾನರು ಓದಿದರು. ಬೈಯಲಿಲ್ಲ. ಪತ್ರವನ್ನು ಹರಿಯಲೂ ಇಲ್ಲ. ಗಿರಾಕಿಗಳಿಗೆಲ್ಲ ಕಾಣಲಿ ಎಂದು ಇನ್ನೂ ಒಂದು ಗೇಣು ಮೇಲೆ ಅಂಟಿಸಿದರು. ನನ್ನ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟು, "ಹೋಗೋ ಮುಂಚೆ ಅದರ ಹೊಟ್ಟೆಯಾದ್ರೂ ಹಗುರ ಆಗ್ಲಿ" ಎಂದರು. ಕೆಳಗೆ ಅಂಗಾತ ಮಲಗಿ ಮೊದಲ ತೂತು ಬಿಡಿಸಿದ್ದೇ ತಡ, ಒಂಬತ್ತು ವರ್ಷಗಳ ನೀರು ನೇರವಾಗಿ ನನ್ನ ಬಾಯಿಗೇ ಬಿತ್ತು. ಇನ್ನೂ ಇಪ್ಪತ್ತೈದು ಉಳಿದಿವೆ. ಯಜಮಾನರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.