ಮಿಕಾಯೆಲಾ ತಿಂದ ಹದಿನಾಲ್ಕು ರೊಟ್ಟಿ

ಬಸ್ಸಿಗೆ ಹನ್ನೆರಡು ಕೆತ್ಸಾಲ್, ತಕ್ಕಡಿಯ ಬ್ಯಾಟರಿಗೆ ಹದಿನೈದು, ಗುಡ್ಡ ಹತ್ತುವಾಗ ಕಿತ್ತ ಚಪ್ಪಲಿಯ ಹೊಲಿಗೆಗೆ ಎಂಟು. ದಿನಕ್ಕೆ ತೊಂಬತ್ತು ಕೆತ್ಸಾಲ್ ಕೂಲಿಗೆ ದುಡಿಯುವ ಹಸಿಂತೊ ಕೆಲಸಕ್ಕೆ ಕೂರುವ ಮೊದಲೇ ಮೂವತ್ತೈದು ಕಳೆದುಕೊಂಡಿದ್ದ.

ಕೆಲಸವೇನೋ ಸುಲಭದ್ದು. ಊರವರ ಊಟದ ಸರ್ಕಾರಿ ಸಮೀಕ್ಷೆಗಾಗಿ ಒಂದು ಮನೆಯಲ್ಲಿ ದಿನವಿಡೀ ಕೂತು, ಮನೆಯೊಡತಿ ಎಷ್ಟು ತಿಂದಳೆಂದು ತಟ್ಟೆ ತೂಗಿ ಬರೆಯಬೇಕು. ತಾನು ಅಲ್ಲಿ ಒಂದು ತುತ್ತೂ ಮುಟ್ಟಬಾರದು. ಇವತ್ತಿನ ಅಳತೆ ಸರಿಬಂದರೆ ಕೆಲಸ ಖಾಯಂ ಎಂದು ಮೇಲ್ವಿಚಾರಕಿ ರೆಬೇಕಾ ಹೇಳಿದ್ದರು.

ಇವತ್ತಿನ ಮನೆಯೊಡತಿ ಮಿಕಾಯೆಲಾ ಸೌದೆ ಕಡ್ಡಿಯಂಥ ಮುದುಕಿ. ಅವನು ತಕ್ಕಡಿ ಇಡುವಷ್ಟರಲ್ಲಿ ಹಿತ್ತಲಲ್ಲಿ ಕೋಳಿಯೊಂದು ಕಿರುಚಿ ಸುಮ್ಮನಾಯಿತು.

"ಅಮ್ಮಾ, ನೀವು ಊಟ ಮಾಡಿ. ನಾನು ತೂಗ್ತೀನಿ."

"ಬಂದೋರು ಉಪವಾಸ ಕೂತಿರುವಾಗ ನಾನು ತಿನ್ನೋದಾ? ಮೊದಲು ನೀನು ತಿನ್ನು ಮಗಾ."

"ನಾನು ತಿನ್ನೋ ಹಾಗಿಲ್ಲ."

"ಹಾಗಾದ್ರೆ ನಾನೂ ತಿನ್ನೋ ಹಾಗಿಲ್ಲ."

ಬೆಳಗು ಹೀಗೇ ಕಳೆಯಿತು. ಅಷ್ಟರಲ್ಲಿ ಪಕ್ಕದ ಮನೆಯ ಚೋನಾ ಬಂದಳು. "ಲೇ ಮಿಕಾ, ಕಮ್ಮಿ ತಿನ್ನು. ಕಮ್ಮಿ ತಿನ್ನೋರಿಗೆ ಸರ್ಕಾರದೋರು ಹಾಲಿನ ಪುಡಿ ಕೊಡ್ತಾರಂತೆ."

ಅವಳ ಹಿಂದೆಯೇ ಎದುರುಮನೆಯ ಲೀಪಾ. "ಥೂ, ಜಾಸ್ತಿ ತಿನ್ನಕ್ಕಾ! ಮೊಮ್ಮಗಳಿಗೆ ಗಂಡು ನೋಡ್ತಿದ್ದೀಯ. ಈ ಮನೇಲಿ ಒಲೆ ಉರಿಯಲ್ಲ ಅಂತ ಊರೆಲ್ಲ ಸುದ್ದಿಯಾದ್ರೆ?"

"ತಿನ್ನೋಕೆ ಮೊದಲು ಈ ಹುಡುಗ ಬಾಯಿ ತೆರೀಬೇಕಲ್ಲ," ಎಂದರು ಮಿಕಾಯೆಲಾ.

ಮೂವರೂ ಅವನನ್ನೇ ನೋಡಿದರು. ಬೆಕ್ಕುಗಳ ನಡುವೆ ಸಿಕ್ಕ ಒಣಮೀನಿನಂತಾದ ಹಸಿಂತೊ. ಒಂದು ತುತ್ತು ತಿಂದರೆ ಮುದುಕಿಯೂ ತಿಂದಾಳು ಎಂದುಕೊಂಡು ತಟ್ಟೆ ಎಳೆದುಕೊಂಡ.

ಮುದುಕಿಯದು ಒಂದು ತುತ್ತಿಗೆ ಬಿಡುವ ಕೈಯೇ? ಮೆಕ್ಕೆಜೋಳದ ರೊಟ್ಟಿ ಹೆಂಚಿನಿಂದ ನೇರ ತಟ್ಟೆಗೆ ಹಾರುತ್ತಿತ್ತು. ಕೋಳಿಸಾರಿನ ಮೇಲೆ ಕೋಳಿಸಾರು. ಲೀಪಾ ತನ್ನ ಮನೆಯಿಂದ ಕಪ್ಪು ಹುರುಳಿಯ ಗೊಜ್ಜು ತಂದಳು. ಸುಮ್ಮನೆ ಕೂತಿದ್ದ ತಕ್ಕಡಿ ಕಂಡು ಚೋನಾಗೆ ಕೈ ತುರಿಸಿತು. ಬಡಿಸಿದ್ದನ್ನೆಲ್ಲ ತೂಗಿ, ಸಂತೆಯಲ್ಲಿ ಕೂಗುವ ಹಾಗೆ ಕೂಗತೊಡಗಿದಳು: "ಕೋಳಿ ಒಂದೂವರೆ ಪೌಂಡು! ರೊಟ್ಟಿ ಹದಿನಾಲ್ಕು!"

"ಅಮ್ಮಾ, ಈಗಲಾದ್ರೂ ನೀವು..."

"ನೀನು ಎದ್ದು ಹೋದ ಮೇಲೆ ಮಗಾ. ಬಂದೋರ ಮುಂದೆ ಮನೆಯವಳು ಉಂಡ್ರೆ ಚೆಂದವಾ?"

ಹೊರಗೆ ಜೀಪು ನಿಂತಿತು. ಬಾಗಿಲಲ್ಲಿ ರೆಬೇಕಾ. ಹಸಿಂತೊನ ಮುಂದೆ ಮೂಳೆಯ ರಾಶಿ, ಗಲ್ಲದ ಮೇಲೆ ಸಾರು.

"ಯಾರದ್ದು ಈ ತಟ್ಟೆ?"

ಅವನು ಹದಿನಾಲ್ಕನೆಯ ರೊಟ್ಟಿಯನ್ನು ಅಗಿಯದೆ ನುಂಗಿದ. ಮಿಕಾಯೆಲಾ ಫಕ್ಕನೆ ತಟ್ಟೆ ಎಳೆದುಕೊಂಡು, "ನಂದೇ ಮೇಡಂ. ಪಾಪ, ಈ ಹುಡುಗ ನೀರೂ ಮುಟ್ಟಿಲ್ಲ," ಎಂದರು. ಚೋನಾ ತೂಕವನ್ನೆಲ್ಲ ಗಿಣಿಯಂತೆ ಒಪ್ಪಿಸಿದಳು. "ದಿನಾ ಹೀಗೇ ತಿಂತಾಳೆ," ಎಂದು ಲೀಪಾ ಒಂದು ಕೈ ಹೆಚ್ಚೇ ಹಾಕಿದಳು.

ರೆಬೇಕಾ ಮುದುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಷ್ಟು ತಿಂದೂ ಹೀಗಿದ್ದೀರಾ? ಹೊಟ್ಟೆ ತುಂಬ ಜಂತುಹುಳ!" ಚೀಲದಿಂದ ಮಾತ್ರೆ ತೆಗೆದು ಅಲ್ಲೇ ನುಂಗಿಸಿದರು. ಆಮೇಲೆ ಹಸಿಂತೊ ಕಡೆ ತಿರುಗಿದರು. "ಕಾಯಿಲೆಯವರ ಅಳತೆ ಲೆಕ್ಕಕ್ಕೆ ಬರಲ್ಲಪ್ಪ. ಈ ಮನೆ ರದ್ದು, ಇವತ್ತಿನ ಕೂಲಿಯೂ ಇಲ್ಲ. ನಾಳೆ ಪಕ್ಕದ ಮನೇಲಿ ಅಳತೆ ಮಾಡು."

ಪಕ್ಕದ ಮನೆಯ ಚೋನಾ ಆಗಲೇ ಅಂಗಳದಲ್ಲಿ ತನ್ನ ಕೊಬ್ಬಿದ ಹುಂಜವನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು.

ಹಸಿಂತೊಗೆ ಕೂಲಿ ಬರಲಿಲ್ಲ, ಕೆಲಸ ಖಾಯಂ ಆಗಲಿಲ್ಲ. ಮಿಕಾಯೆಲಾ ಅವರ ಮೊಟ್ಟೆಯಿಡುವ ಕೋಳಿ ಹೋಯಿತು. ಅವರು ದಿನಕ್ಕೆ ಎಷ್ಟು ತಿನ್ನುತ್ತಾರೆಂಬುದು ಇವತ್ತಿಗೂ ಯಾರಿಗೂ ತಿಳಿದಿಲ್ಲ.